ಭಟ್ಟಿ ಮಾವ ಬಡಿಸಿದ ಬಿಸಿ ಗೊಬ್ಬರ

ನಮ್ಮ ಮಾವನವರ ಬಲಗೈಯಲ್ಲಿ ಮೊಣಕೈವರೆಗೆ ಒಂದೇ ಒಂದು ಕೂದಲಿಲ್ಲ. ನಲವತ್ತೆರಡು ವರ್ಷ ಬೇಕರಿಯ ಭಟ್ಟಿಯೊಳಗೆ ಆ ಕೈ ಹಾಕಿ ಕಾವು ನೋಡಿದ ಗುರುತು ಅದು. ಸೌದೆ ಉರಿದು, ಕೆಂಡ ಬದಿಗೆ ಸರಿಸಿದ ಮೇಲೆ, ಬರಿಗೈಯನ್ನು ಒಳಗೆ ಚಾಚಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಹನ್ನೆರಡರವರೆಗೆ ತಡೆಯಲು ಆದರೆ ರಸ್ಕಿನ ಕಾವು. ಎಂಟಕ್ಕೆ ಕೈ ಹಿಂದೆ ಬಂದರೆ ಬನ್ನಿನ ಕಾವು. ಐದಕ್ಕೇ ಬಂದರೆ ಬ್ರೆಡ್ಡಿನ ಕಾವು. ನನ್ನ ಗಂಡ ಒಮ್ಮೆ ಕಾವು ಅಳೆಯುವ ಮೀಟರು ತಂದು ಭಟ್ಟಿಯ ಬಾಗಿಲಿಗೆ ಸಿಕ್ಕಿಸಿದಾಗ ಮಾವ ಮೊದಲು ಕೈ ಹಾಕಿ ಎಣಿಸಿ, ಆಮೇಲೆ ಮೀಟರು ನೋಡಿ, "ಪರವಾಗಿಲ್ಲ, ಸರಿಯಾಗೇ ತೋರಿಸ್ತಿದೆ" ಎಂದು ಮೀಟರಿಗೇ ಸರ್ಟಿಫಿಕೇಟು ಕೊಟ್ಟರು. ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ಭಟ್ಟಿ ಮಾವ. ಸೊಸೆ ನಾನೊಬ್ಬಳೇ ಆದರೂ ಊರಿಗೆಲ್ಲ ಮಾವ.

ಹೋದ ವರ್ಷ ಒಂದು ದಿನ ಬನ್ನಿನ ತಟ್ಟೆ ಹಿಡಿದುಕೊಂಡೇ ಭಟ್ಟಿ ಮುಂದೆ ತಲೆಸುತ್ತಿ ಬಿದ್ದರು. ರಕ್ತದೊತ್ತಡ. ಡಾಕ್ಟರು ಕೈ ಹಿಡಿದು ನೋಡಿ, ಕಣ್ಣು ಬಿಡಿಸಿ ನೋಡಿ, "ಇನ್ನು ಭಟ್ಟಿ ಹತ್ತಿರ ಸುಳಿಯೋ ಹಾಗಿಲ್ಲ" ಅಂದುಬಿಟ್ಟರು. ಮಾವ ಎದುರು ಮಾತಾಡಲಿಲ್ಲ. ಮಾತಾಡಿದ್ದರೆ ಚೆನ್ನಾಗಿತ್ತು. ಬೇಕರಿಯ ಹಿಂದಿನ ಮನೆಯಲ್ಲಿ, ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು ನಾಲ್ಕು ತಿಂಗಳು ಅಲ್ಲೇ ಕೂತರು. ಊಟ ಅಂದರೆ "ಹೂಂ", ಕಾಫಿ ಅಂದರೆ "ಹೂಂ", ಮಾತ್ರೆ ಅಂದರೆ ಅದೂ ಇಲ್ಲ. ಬೇಕರಿಯಿಂದ ಬ್ರೆಡ್ಡಿನ ವಾಸನೆ ಬಂದಾಗ ಮಾತ್ರ ಮೂಗು ಸ್ವಲ್ಪ ಮೇಲಾಗುತ್ತಿತ್ತು. ಒಂದು ದಿನ ನಾನು ನೆಲ ಒರೆಸುತ್ತಾ ಕುರ್ಚಿಯ ಹತ್ತಿರ ಬಂದಾಗ ಹೇಳಿದರು: "ನನ್ನನ್ನ ಬೇರೆ ಎಲ್ಲಾದ್ರೂ ಎತ್ತಿಡಮ್ಮ. ಇಲ್ಲಿ ದಾರಿಗೆ ಅಡ್ಡ ಆಗ್ತೀನಿ."

ನಾನು ಬಾಯಿಬಡುಕಿ, ಯಾವ ಮಾತಿಗೂ ಉತ್ತರ ಇಟ್ಟುಕೊಂಡವಳು. ಅವತ್ತು ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಸುಮ್ಮನೆ ನಿಂತೆ. ಭಯವಾಯಿತು, ನಿಜ ಹೇಳುತ್ತೇನೆ.

ಮೊಲಗಳು ಬಂದದ್ದು ಅದೇ ವಾರ. ತಂದವನು ನಮ್ಮ ಬೀದಿಯ ಅಂಚೆಯಣ್ಣ. ಅವನಿಗೆ ವರ್ಗವಾಗಿತ್ತು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಎರಡು ಮೊಲ ಹಾಕಿಕೊಂಡು ಬಂದು, "ಅಕ್ಕಾ, ಎರಡೇ ಎರಡು ವಾರ ಇಟ್ಕೊಳ್ಳಿ. ಅಲ್ಲಿ ಮನೆ ಸಿಕ್ಕಿದ ತಕ್ಷಣ ಬಂದು ಒಯ್ತೀನಿ. ಎರಡೂ ಹೆಣ್ಣು, ಏನೂ ತಂಟೆ ಇಲ್ಲ" ಅಂದ. ನಾನು ಬೇಡ ಅಂದೆ. ನಮ್ಮ ಅತ್ತೆ ಬೇಡವೇ ಬೇಡ ಅಂದರು. ಕುರ್ಚಿಯಿಂದ ಮಾವ "ಇಡಯ್ಯಾ" ಅಂದರು. ನಾಲ್ಕು ತಿಂಗಳಿಗೆ "ಹೂಂ" ಬಿಟ್ಟು ಬೇರೆ ಮಾತು ಬಂದದ್ದು ಅದು ಎರಡನೆಯದು. ಅದನ್ನು ತಳ್ಳಿಹಾಕುವ ಗಟ್ಟಿ ಎದೆ ನಮಗಿಬ್ಬರಿಗೂ ಇರಲಿಲ್ಲ.

ಮೂವತ್ತೊಂದನೇ ದಿನ ಆ ಎರಡು ಹೆಣ್ಣುಗಳಲ್ಲಿ ಒಂದು ಏಳು ಮರಿ ಹಾಕಿತು. ಅತ್ತೆ ಸೊಂಟಕ್ಕೆ ಕೈಯಿಟ್ಟು ನೋಡಿ, "ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನಾವು. ಅವನು ಹೆಣ್ಣು ಅಂದ, ನಾವೂ ಹೆಣ್ಣು ಅಂದ್ವಿ" ಎಂದರು. ಅಂಚೆಯಣ್ಣನಿಗೆ ಮೂರು ಕಾಗದ ಬರೆದೆವು. ಊರಿಗೆಲ್ಲ ಕಾಗದ ಮುಟ್ಟಿಸಿದವನಿಗೆ ನಮ್ಮ ಕಾಗದ ಮಾತ್ರ ಮುಟ್ಟಲಿಲ್ಲ.

ಮಾವ ಕುರ್ಚಿ ಬಿಟ್ಟೆದ್ದರು. ಬೇಕರಿಯ ಹಳೆಯ ಮರದ ಬ್ರೆಡ್ ತಟ್ಟೆಗಳನ್ನು ಬಿಚ್ಚಿ, ಕೆಳಗೆ ತಂತಿಬಲೆ ಬಡಿದು, ಹಿತ್ತಿಲಲ್ಲಿ ಮೂರು ಗೂಡು ಕಟ್ಟಿದರು. ಒಂದು ಗಂಡಿಗೆ, ಒಂದು ತಾಯಿಗೆ, ಒಂದು ಮಕ್ಕಳಿಗೆ. ಎದುರು ಬೀದಿಯ ಬಡಗಿಯಿಂದ ಮರದ ಹೊಟ್ಟು ತಂದರು, ಹಾಲಿನವನಿಂದ ಒಣಹುಲ್ಲು. ಎರಡನ್ನೂ ಬೆರೆಸಿ ಗೂಡಿನ ಕೆಳಗೆ ಗೇಣು ದಪ್ಪ ಹಾಸಿದರು. ಮೇಲಿಂದ ಹಿಕ್ಕೆ ಉದುರುತ್ತದೆ, ಉಚ್ಚೆ ಇಳಿಯುತ್ತದೆ, ಹಾಸು ಹೀರಿಕೊಳ್ಳುತ್ತದೆ. ಎರಡು ದಿನಕ್ಕೊಮ್ಮೆ ಹಾಸು ಬದಲಾಯಿಸಬೇಕು. ಬದಲಾಯಿಸಿದ್ದನ್ನು ಮಾವ ಗೋಡೆ ಪಕ್ಕ ಒಟ್ಟುತ್ತಾ ಹೋದರು. ಒಂಬತ್ತು ಮೊಲ ಎಂದರೆ ಕಮ್ಮಿಯಲ್ಲ. ಎಷ್ಟು ತಿನ್ನುತ್ತವೆ ಎಂಬುದು ಬಾಯಿಗಿಂತ ಹಿಂದಿನಿಂದಲೇ ಹೆಚ್ಚು ಗೊತ್ತಾಗುತ್ತಿತ್ತು.

ವಾಸನೆ ಮೊದಲು ಮುಟ್ಟಿದ್ದು ಮಹಡಿಗೆ. ಮಹಡಿಯಲ್ಲಿರುವವರು ಮನೆಯ ಮಾಲೀಕರು. ನಿವೃತ್ತ ಸರ್ವೆಯರು. ಇಡೀ ಆಯಸ್ಸು ಬೇರೆಯವರ ನೆಲ ಅಳೆದು ಅಳೆದು, ಈಗ ತಮ್ಮದೇ ಅಂಗಳದಲ್ಲಿ ಇಪ್ಪತ್ತೆರಡು ಗುಲಾಬಿ ಗಿಡ ಇಟ್ಟುಕೊಂಡಿದ್ದರು. ಎರಡು ಸಾಲು, ಸಾಲಿಗೆ ಹನ್ನೊಂದು, ಗಿಡದಿಂದ ಗಿಡಕ್ಕೆ ಎರಡೂಕಾಲು ಅಡಿ. ಎಲೆ ಅತ್ತಿತ್ತ ಬಾಗಿದರೂ ಅವರಿಗೆ ಒತ್ತುವರಿಯಾದಂತೆ ಸಂಕಟ. ಹೆಂಡತಿ ತೀರಿಕೊಂಡಿದ್ದರು, ಮಗಳು ಬೇರೆ ಊರು. ಬೆಳಗಿನ ಕಾಫಿ, ಸಂಜೆಯ ಕಾಫಿ ಎರಡೂ ಗುಲಾಬಿ ಮುಂದೆ.

ಅವತ್ತು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಇಳಿದು ಬಂದರು. "ಏನಯ್ಯಾ ಇದು? ನಾನು ಮನೆ ಬಾಡಿಗೆಗೆ ಕೊಟ್ಟಿದ್ದು ಬೇಕರಿಗೆ. ಬೆಳಿಗ್ಗೆ ಎದ್ದರೆ ಬನ್ನಿನ ವಾಸನೆ ಬರಬೇಕು, ಇದಲ್ಲ. ಒಂದೋ ಈ ನಾತ ಹೋಗಬೇಕು, ಇಲ್ಲ ಮೊಲ ಹೋಗಬೇಕು."

"ಹದಿನೈದು ದಿನ ಕೊಡಿ ಸಾರ್," ಅಂದರು ಮಾವ. "ನಾತ ಇರಲ್ಲ. ಅದೇ ನಿಮ್ಮ ಗುಲಾಬಿಗೆ ಗೊಬ್ಬರ ಆಗುತ್ತೆ."

ಮೊಲ ಹೋಗುವುದಾದರೆ ಎಲ್ಲಿಗೆ ಹೋಗುತ್ತದೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಮೂಲೆಯ ಮಾಂಸದಂಗಡಿಯವನು ಆಗಲೇ ಎರಡು ಸಲ ಬಂದು, ಮರಿಗಳ ಬೆನ್ನು ಸವರಿ, "ಬೇಡ ಅಂದಾಗ ಹೇಳಿ ಮಾವ" ಎಂದು ಪ್ರೀತಿಯಿಂದ ಹೇಳಿ ಹೋಗಿದ್ದ. ಮೊಲ ಹೋದ ಮೇಲೆ ಮಾವ ಎಲ್ಲಿಗೆ ಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಬಾಗಿಲ ಪಕ್ಕದ ಕುರ್ಚಿ ಇನ್ನೂ ಅಲ್ಲೇ ಇತ್ತು.

ಗೊಬ್ಬರ ಮಾಡುವುದು ಹೇಗೆ ಎಂದು ಮಾವ ಯಾರನ್ನೂ ಕೇಳಲಿಲ್ಲ. ನಾನು ಒಂದು ಮಾತು ಕೇಳಿ ಅಂದದ್ದಕ್ಕೆ, "ಹಿಟ್ಟು ಹುದುಗಿಸಿ ಕೂದಲು ಹಣ್ಣಾದವನಿಗೆ ಕಸ ಹುದುಗಿಸೋದು ಕಷ್ಟವೇನಮ್ಮ?" ಅಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಕೇಳಿದ್ದೆ. ಹಿತ್ತಿಲಲ್ಲಿ ಒಂಬತ್ತು ಮೊಲ, ಅವಕ್ಕೆ ಮೂವತ್ತಾರು ಕಾಲು. ಮಾವನ ಲೆಕ್ಕದಲ್ಲಿ ಇಪ್ಪತ್ತೇಳೇ.

ಅವರು ಗೊಬ್ಬರ ಮಾಡಿದ್ದು ಹೀಗೆ. ಗೂಡಿನ ಕೆಳಗಿಂದ ತೆಗೆದ ಹಳೆ ಹಾಸು ನಾಲ್ಕು ಬುಟ್ಟಿ, ಅದಕ್ಕೆ ಒಂದು ಬುಟ್ಟಿ ಬರೀ ಹಿಕ್ಕೆ. ಮೇಲೆ ನೀರು ಚಿಮುಕಿಸಿ ಬುಡಮೇಲು ಮಾಡುವುದು. ಒಂದು ಹಿಡಿ ತೆಗೆದು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈ ಬಿಟ್ಟರೆ ಉದುರಲೂಬಾರದು. ಇದು ಬನ್ನಿನ ಹಿಟ್ಟಿನ ಹದವಂತೆ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಬೇಕರಿಯಿಂದ ಒಂದು ಬೊಗಸೆ ಈಸ್ಟು, ಒಂದು ಲೋಟ ಸಕ್ಕರೆ ನೀರು, ಜರಡಿ ಹಿಡಿದು ಉಳಿದ ಮೈದಾ, ಹಳಸಿದ ಬ್ರೆಡ್ಡು, ಎಲ್ಲ ಅದರೊಳಗೆ ಹೋಯಿತು. ಕೊನೆಗೆ ಎದೆಮಟ್ಟದ ಗುಡ್ಡೆ ಮಾಡಿ, ಮೈದಾ ಚೀಲ ಒದ್ದೆ ಮಾಡಿ ಹೊದಿಸಿದರು. ನನ್ನ ಗಂಡ ಒಂದು ಸಲ ಇಣುಕಿ ನೋಡಿ, "ಅಪ್ಪಾ, ಸ್ವಲ್ಪ ದ್ರಾಕ್ಷಿ, ಗೋಡಂಬಿ ಹಾಕಲ್ವಾ?" ಎಂದು ಕೇಳಿ ಬೈಸಿಕೊಂಡ.

ಮೂರನೇ ದಿನ ಬೆಳಿಗ್ಗೆ ಹಿತ್ತಿಲಿಂದ ಕೂಗು ಕೇಳಿಸಿತು. ಮತ್ತೆ ತಲೆಸುತ್ತಿ ಬಿದ್ದರೇನೋ ಎಂದು ನಾನು ಓಡಿದೆ. ಮಾವ ಗುಡ್ಡೆಯ ಮುಂದೆ ಮಂಡಿಯೂರಿ, ಬಲಗೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಅಲುಗುತ್ತಿತ್ತು. ಇಪ್ಪತ್ತಾರು, ಇಪ್ಪತ್ತೇಳು. ಕಣ್ಣು ತೆರೆದು ನನ್ನನ್ನು ನೋಡಿ, "ಕಾವು ಬಂದಿದೆ ಕಣಮ್ಮ. ಬೆಂಕಿ ಇಲ್ಲ, ಸೌದೆ ಇಲ್ಲ, ಆದರೂ ಕಾವು ಬಂದಿದೆ" ಅಂದರು. ಅವರ ಮುಖ ನೋಡಿ ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಳೆದುಹೋಗಿದ್ದ ಭಟ್ಟಿ ಅವರಿಗೆ ಕಸದ ಗುಡ್ಡೆಯಲ್ಲಿ ಸಿಕ್ಕಿತ್ತು.

ಅತ್ತೆ ಮಾತ್ರ ಹಣೆ ಚಚ್ಚಿಕೊಂಡರು. "ಕಾವಿನ ಹತ್ರ ಹೋಗಬೇಡಿ ಅಂದ್ರು ಡಾಕ್ಟ್ರು. ಇವರು ಕಸಕ್ಕೇ ಕಾವು ಬರಿಸಿದ್ರು!"

ಅಲ್ಲಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಊಟಕ್ಕೆ ಕೂತರೆ "ಈವತ್ತು ಹದಿನೆಂಟು", ಕಾಫಿಗೆ ಬಂದರೆ "ಹದಿಮೂರು". ಕಾವು ಏರಿದಷ್ಟೂ ಎಣಿಕೆ ಇಳಿಯುತ್ತದೆ. ಆ ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆಯದೆ ಅಡುಗೆಮನೆಗೆ ಬರಬಾರದು ಎಂದು ನಾನು ಕಾನೂನು ಮಾಡಿದೆ. ಮಾವ ತೊಳೆದುಕೊಂಡು ಬಂದು, ಸಣ್ಣ ಹುಡುಗರ ಹಾಗೆ ಎರಡೂ ಕೈ ಮುಂದೆ ಚಾಚಿ ತೋರಿಸಿ ತಟ್ಟೆ ಮುಂದೆ ಕೂರುತ್ತಿದ್ದರು. ಒದ್ದೆ ಚೀಲ ಹೊದಿಸಿದ ಮೇಲೆ ನಾತವೂ ನಿಜವಾಗಿಯೂ ಅಡಗಿತು. ಮಾಲೀಕರು ಕರವಸ್ತ್ರವಿಲ್ಲದೆ ಕೆಳಗೆ ಬಂದು, ಗುಡ್ಡೆಯ ಸುತ್ತ ಎರಡು ಸುತ್ತು ಹಾಕಿ, ಮೂಗು ಅಗಲ ಮಾಡಿ ನೋಡಿ, "ಅಡ್ಡಿಯಿಲ್ಲ" ಅಂದರು. ಅವರ ಬಾಯಲ್ಲಿ ಅಡ್ಡಿಯಿಲ್ಲ ಎಂದರೆ ಬೇರೆಯವರ ಬಾಯಲ್ಲಿ ಭೇಷ್ ಎಂದ ಹಾಗೆ. ಅಷ್ಟೇ ಅಲ್ಲದೆ, ಮಗಳ ಮನೆಗೆ ಒಂದು ವಾರ ಹೋಗುವವರಿದ್ದುದರಿಂದ ಗುಲಾಬಿಗೆ ನೀರು ಹಾಕುವ ಜವಾಬ್ದಾರಿಯನ್ನೂ ಮಾವನಿಗೇ ವಹಿಸಿದರು. "ಗಿಡಕ್ಕೆ ಎರಡು ಚೊಂಬು. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಬೇರೆ ಏನೂ ಮಾಡಬೇಡ" ಎಂದು ಹೇಳಿ ಬಸ್ಸು ಹತ್ತಿದರು.

ಅವರು ಹೋದ ಮಾರನೇ ದಿನ ಎಣಿಕೆ ಆರಕ್ಕೆ ಇಳಿಯಿತು. ಅವತ್ತಿಗೆ ಗುಡ್ಡೆ ಹಾಕಿ ಒಂಬತ್ತು ದಿನ.

"ಬೆಂದಿದೆ!" ಅಂದರು ಮಾವ. ಅವರ ಬದುಕಿನಲ್ಲಿ ಕಾವು ಸರಿಯಾಗಿ ಏರಿದ ಮೇಲೆ ಉಳಿಯುವ ಕೆಲಸ ಒಂದೇ, ಹೊರಗೆ ತೆಗೆಯುವುದು. ತಡಮಾಡಿದರೆ ಸೀಯುತ್ತದೆ. ಚಿಕ್ಕಂದಿನಲ್ಲಿ ಬೇರೆಯವರ ಬೇಕರಿಯಲ್ಲಿದ್ದಾಗ ಬನ್ನು ಸೀದರೆ ಯಜಮಾನ ಬೈದಿದ್ದು, ಬ್ರೆಡ್ಡು ಸೀದರೆ ಗಿರಾಕಿ ಬೈದಿದ್ದು, ಎಲ್ಲ ಆ ಕೈಗೆ ನೆನಪಿತ್ತು. ಭಟ್ಟಿಯಿಂದ ಬ್ರೆಡ್ಡು ತೆಗೆಯುವ ಉದ್ದ ಹಿಡಿಯ ಹಲಗೆ ತಂದು, ಹಬೆಯಾಡುವ ಗುಡ್ಡೆಗೆ ನುಗ್ಗಿಸಿ, ಒಂದೊಂದು ಗಿಡಕ್ಕೆ ಎರಡೆರಡು ಹಲಗೆಯಂತೆ, ಕಾಂಡಕ್ಕೆ ಒತ್ತಿಸಿ, ಇಪ್ಪತ್ತೆರಡು ಗಿಡಕ್ಕೂ ಬಡಿಸಿದರು. ಬಡಿಸಿದರು ಅನ್ನುವುದೇ ಸರಿಯಾದ ಮಾತು. "ಬಿಸಿ ಇರುವಾಗಲೇ ಹಾಕ್ಬೇಕು, ಆರಿದ್ರೆ ಏನು ರುಚಿ?" ಎಂದು ನನಗೂ ಒಂದು ಹಲಗೆ ಕೊಟ್ಟರು. ನಾನೂ ಬಡಿಸಿದೆ. ಈ ಪಾಪದಲ್ಲಿ ನನ್ನದೂ ಪಾಲಿದೆ, ಮುಚ್ಚಿಡುವುದಿಲ್ಲ. ಬೆಳಗಿನ ಚಳಿಯಲ್ಲಿ ಇಪ್ಪತ್ತೆರಡು ಗುಲಾಬಿಯ ಬುಡದಿಂದ ಹಬೆ ಏಳುವುದನ್ನು ನೋಡಿ ಹಾಲಿನವನು ಸೈಕಲ್ಲು ನಿಲ್ಲಿಸಿ, "ಮಾಲೀಕ್ರು ಗಿಡಕ್ಕೂ ಬಿಸಿನೀರು ಸ್ನಾನ ಮಾಡಿಸ್ತಾರಾ?" ಎಂದು ಕೇಳಿದ.

ಮರುದಿನ ಎಲೆಗಳು ಜೋತುಬಿದ್ದವು. ಮಾವ, "ಹೊಟ್ಟೆ ತುಂಬಿದ ಮೇಲೆ ಮಂಪರು" ಅಂದರು. ಅದರ ಮರುದಿನ ಅಂಚು ಕಪ್ಪಾಯಿತು. ಮೂರನೇ ದಿನ ಮೊಗ್ಗುಗಳು ಕತ್ತು ಮುರಿದುಕೊಂಡು ಉದುರಿದವು. ಮಾವ ಗಿಡದಿಂದ ಗಿಡಕ್ಕೆ ಹೋಗುತ್ತಾ, ಕಪ್ಪಾದ ಎಲೆಯನ್ನು ಬೆರಳಲ್ಲಿ ಹಿಡಿದರೆ ಅದು ರಸ್ಕಿನ ಹಾಗೆ ಪುಡಿಯಾಗುತ್ತಿತ್ತು. ಏನಾಗಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸೀದದ್ದನ್ನು ಅವರು ಜೀವಮಾನವೆಲ್ಲ ನೋಡಿದ್ದರು.

ನಾನೇ ಓಡಿ ಹೋಗಿ ರಸ್ತೆಯ ಕೊನೆಯಲ್ಲಿ ಗಿಡ ಮಾರುವ ನರ್ಸರಿಯಮ್ಮನನ್ನು ಕರೆತಂದೆ. ಮಾತು ಕಮ್ಮಿಯ ಹೆಂಗಸು. ಬುಡ ಕೆದಕಿ ನೋಡಿ, ಉಳಿದ ಗುಡ್ಡೆಗೆ ಬೆರಳು ಹಾಕಿ, ತಟ್ಟನೆ ಹಿಂದಕ್ಕೆ ತೆಗೆದು, ಊದಿಕೊಂಡಳು.

"ಇದನ್ನ ಗಿಡಕ್ಕೆ ಹಾಕಿದ್ದು ಯಾರು?"

"ನಾನೇ ತಾಯಿ," ಅಂದರು ಮಾವ. "ಕಾವು ಪೂರ್ತಿ ಬಂದಿತ್ತಲ್ಲ, ಬೆಂದಿದೆ ಅಂದ್ಕೊಂಡೆ."

"ಕಾವು ಇದೆ ಅಂದ್ರೆ ಇನ್ನೂ ಬೇಯ್ತಾ ಇದೆ ಅಂತ. ಆ ಕಾವೆಲ್ಲ ತಾನಾಗೇ ಇಳಿದು, ತಣ್ಣಗಾಗಿ, ಕಪ್ಪಾಗಿ, ಮಣ್ಣಿನ ವಾಸನೆ ಬಂದ್ಮೇಲೆ ಗೊಬ್ಬರ. ಎರಡು ಮೂರು ತಿಂಗಳು ಬೇಕು ಮಾವ. ಇದಕ್ಕೆ ಏನೇನು ಹಾಕಿದ್ರಿ?"

ಮಾವ ಪಟ್ಟಿ ಹೇಳಿದರು. ಈಸ್ಟಿನ ಹೆಸರು ಬಂದಾಗ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. "ಮೊಲದ ಹಿಕ್ಕೆ ತಣ್ಣನೆ ಪದಾರ್ಥ. ಕೋಳಿದಾದ್ರೆ ಸುಡುತ್ತೆ. ಇದನ್ನ ಏನೂ ಮಾಡ್ದೆ ನಾಲ್ಕು ಕಾಳು ಬುಡಕ್ಕೆ ಉದುರಿಸಿದ್ರೂ ಸಾಕಿತ್ತು, ಗಿಡ ನಗ್ತಾ ಇರ್ತಿತ್ತು."

ಇಷ್ಟು ದಿನ ಮಾಡಿದ ಕೆಲಸವೆಲ್ಲ ಒಳ್ಳೆಯ ಪದಾರ್ಥವನ್ನು ಕೆಡಿಸುವ ಕೆಲಸವೇ ಆಗಿತ್ತು ಎಂದು ಕೇಳಿಸಿಕೊಂಡ ಮಾವನಿಗೆ ಹೇಗಾಗಿರಬೇಡ. ಸಾಲದ್ದಕ್ಕೆ ಅತ್ತೆ ಬಾಗಿಲಲ್ಲಿ ನಿಂತು, "ಬೇಯೋ ತನಕ ಕಾದವರಿಗೆ ಆರೋ ತನಕ ಕಾಯೋಕಾಗಲಿಲ್ವಾ?" ಅಂದರು. ಎಂಥ ಗಾದೆಯೂ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಚುಚ್ಚುತ್ತದೆ. ನಾನು ಅತ್ತೆಯನ್ನು ಕಣ್ಣಲ್ಲೇ ಗದರಿದೆ. ಸೊಸೆಯಾದವಳು ಹಾಗೆ ಮಾಡಬಾರದು, ಆದರೂ ಮಾಡಿದೆ.

ನರ್ಸರಿಯಮ್ಮ ಹೇಳಿದಂತೆ ಎಲ್ಲರೂ ಕೂತು, ಕೇಕಿನ ಮೇಲೆ ಕೆನೆ ಸವರುವ ಚಪ್ಪಟೆ ಚಾಕು ಹಿಡಿದು, ಬೇರಿಗೆ ತಗಲದ ಹಾಗೆ ಬಿಸಿ ಗೊಬ್ಬರ ಕೆರೆದು ತೆಗೆದೆವು. ಕೊಡಗಟ್ಟಲೆ ನೀರು ಹೊಯ್ದೆವು. ಸುಟ್ಟ ಕೊಂಬೆಗಳನ್ನೆಲ್ಲ ಅವಳು ಕತ್ತರಿಯಿಂದ ಮೊಣಕಾಲುದ್ದಕ್ಕೆ ಕತ್ತರಿಸಿ ಹಾಕಿದಳು. ಸಂಜೆ ಹೊತ್ತಿಗೆ ಗುಲಾಬಿ ತೋಟ ಇದ್ದ ಜಾಗದಲ್ಲಿ ಎರಡು ಸಾಲು ಕಡ್ಡಿ ನಿಂತಿದ್ದವು. ಗಿಡದಿಂದ ಗಿಡಕ್ಕೆ ಎರಡೂಕಾಲು ಅಡಿ ಮಾತ್ರ ಹಾಗೇ ಇತ್ತು.

"ಏನೋ ರೋಗ ಬಂತು ಅಂತ ಹೇಳೋಣ ಮಾವ," ಅಂದೆ ನಾನು. ಸುಳ್ಳಿಗೆ ನನ್ನ ಹತ್ತಿರ ಯಾವತ್ತೂ ಬರವಿಲ್ಲ. ಎಲೆಗೆ ಬರುವ ರೋಗದ ಹೆಸರೂ ಒಂದೆರಡು ನರ್ಸರಿಯಮ್ಮನಿಂದ ಕೇಳಿಟ್ಟುಕೊಂಡಿದ್ದೆ.

ಮಾವ ತಲೆಯಾಡಿಸಿದರು. "ಸೀದ ಬನ್ನಿಗೆ ಸಕ್ಕರೆ ಪುಡಿ ಉದುರಿಸಿ ಮಾರಿದೋನಲ್ಲ ಕಣಮ್ಮ ನಾನು."

ಭಾನುವಾರ ಮಾಲೀಕರು ಬಂದರು. ಗೇಟಿನಲ್ಲೇ ಬ್ಯಾಗು ಕೈಯಿಂದ ಜಾರಿತು. ಅವರು ಬಾಯಿ ತೆರೆಯುವುದಕ್ಕೆ ಮೊದಲೇ ಮಾವ ಎದುರು ಹೋಗಿ ನಿಂತು, "ನಾನೇ ಸುಟ್ಟೆ ಸಾರ್. ನೀವು ನೀರು ಮಾತ್ರ ಅಂದಿದ್ರಿ, ನಾನು ಗೊಬ್ಬರ ಹಾಕ್ದೆ. ಕಾವು ಇಳಿಯೋಕೆ ಮುಂಚೆ ಹಾಕ್ದೆ" ಅಂದರು. ಮಾಲೀಕರು ಒಂದೊಂದೇ ಕಡ್ಡಿಯ ಮುಂದೆ ಬಗ್ಗಿ, ಉಗುರಿನಿಂದ ತೊಗಟೆ ಗೀರಿ ನೋಡುತ್ತಾ ಇಪ್ಪತ್ತೆರಡನ್ನೂ ಮುಗಿಸಿದರು.

"ನಲವತ್ತು ದಿನ," ಅಂದರು ಕೊನೆಗೆ. "ನಲವತ್ತು ದಿನದಲ್ಲಿ ಈ ಪಾತಿಯಲ್ಲಿರೋ ಒಂದೊಂದು ಗಿಡವೂ ಚಿಗುರಬೇಕು. ಒಂದೇ ಒಂದು ಉಳೀಲಿಲ್ಲ ಅಂದ್ರೂ ಮೊಲ ಇಲ್ಲಿರಕೂಡದು."

"ಆಗಲಿ ಸಾರ್," ಅಂದರು ಮಾವ.

ನನಗೆ ಮೈಯೆಲ್ಲ ಉರಿಯಿತು. ಸತ್ತ ಕಡ್ಡಿ ಚಿಗುರಿಸುವುದು ಯಾರ ಕೈಯಲ್ಲಿದೆ? ಅದೇ ಹೊತ್ತಿಗೆ, ಮಾಲೀಕರ ಕಣ್ಣಿನ ಸುತ್ತ ಕೆಂಪಾಗಿದ್ದುದನ್ನೂ ನೋಡಿದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಒಳಗೆ ಹೋಗಿ ಗಂಡನ ಮೇಲೆ ಮಾಡಿದೆ. ಅವನು ಬನ್ನಿಗೆ ಬೆಣ್ಣೆ ಸವರುತ್ತಾ ಎಲ್ಲಕ್ಕೂ "ಹೌದು" ಅಂದ.

ಆ ನಲವತ್ತು ದಿನ ಮಾವ ಕುರ್ಚಿಯಲ್ಲಿ ಕೂರಲಿಲ್ಲ. ಬೆಳಿಗ್ಗೆ ಗಿಡಕ್ಕೆ ಎರಡು ಚೊಂಬು ನೀರು. ಹದಿನೈದು ದಿನವಾದ ಮೇಲೆ, ನರ್ಸರಿಯಮ್ಮ ಬಂದು ನೋಡಿ ಹೂಂ ಅಂದ ಮೇಲೆಯೇ, ಬುಡದಿಂದ ಒಂದು ಗೇಣು ದೂರದಲ್ಲಿ ಒಣಗಿದ ಹಿಕ್ಕೆ, ಎಣಿಸಿ ಹತ್ತು ಕಾಳು. ಕೆರೆದು ತೆಗೆದ ಗೊಬ್ಬರವನ್ನು ಮತ್ತೆ ಗುಡ್ಡೆ ಮಾಡಿ ವಾರಕ್ಕೊಮ್ಮೆ ಬುಡಮೇಲು ಮಾಡಿ ಮುಚ್ಚುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಏನೂ ಮಾಡದೆ ಇರುವುದು ಅವರಿಗೆ ಎಷ್ಟು ಕಷ್ಟವೆಂದು ನೋಡಿದವರಿಗೇ ಗೊತ್ತು. ಗುಡ್ಡೆ ಪಕ್ಕ ಹೋಗಿ ನಿಲ್ಲುತ್ತಿದ್ದರು, ಕೈ ಬೆನ್ನ ಹಿಂದೆ ಕಟ್ಟಿಕೊಂಡು.

ಮಾಲೀಕರೂ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಇಳಿಯುತ್ತಿದ್ದರು. ಪಾತಿಯ ಆಚೆ ಅವರು, ಈಚೆ ಮಾವ. ಹದಿನೆಂಟನೇ ದಿನ ಮೊದಲ ಗಿಡದಲ್ಲಿ ಕೆಂಪನೆಯ ಮೊಳಕೆ ಕಂಡಿತು. ಮಾಲೀಕರು, "ಒಂದು" ಅಂದರು. ಅಷ್ಟೇ. ಮರುದಿನ "ನಾಲ್ಕು". ವಾರ ಕಳೆಯುವಷ್ಟರಲ್ಲಿ ಹನ್ನೊಂದು. ಆ ದಿನಗಳಲ್ಲೇ ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಎಣಿಕೆ ಮುಗಿದ ಮೇಲೆ ಮಾಲೀಕರು ಮೆಟ್ಟಿಲಿಗೆ ಹೋಗದೆ ಹಿತ್ತಿಲಿನ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದರು. ಜೇಬಿನಲ್ಲಿ ಮೂಲಂಗಿ ಸೊಪ್ಪು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಿವಿ ಜೋತುಬಿದ್ದ ಒಂದು ಬೂದು ಮರಿಗೆ ಬಲೆಯ ಸಂದಿನಿಂದ ತೂರಿಸುತ್ತಿದ್ದರು. ಅದು ಹಿಂಗಾಲ ಮೇಲೆ ನಿಂತು ತಿನ್ನುತ್ತಿತ್ತು. ಒಮ್ಮೆ ನಾನು ಬಟ್ಟೆ ಹರವಲು ಬಂದಾಗ ಸಿಕ್ಕಿಬಿದ್ದು, "ಬಲೆ ಗಟ್ಟಿ ಇದೆಯಾ ಅಂತ ನೋಡ್ತಿದ್ದೆ" ಅಂದರು. ನಾನು, "ಗಟ್ಟಿ ಇದೆ ಸಾರ್, ಮೂಲಂಗಿ ಸೊಪ್ಪು ಮಾತ್ರ ಹೇಗೋ ಒಳಗೆ ಹೋಗುತ್ತೆ" ಅಂದೆ.

ನಲವತ್ತನೇ ದಿನ ಬಂತು. ಚಿಗುರಿದ್ದು ಹತ್ತೊಂಬತ್ತು. ಮೊದಲ ಸಾಲಿನ ಏಳನೆಯದು, ಎರಡನೇ ಸಾಲಿನ ನಾಲ್ಕನೆಯದು, ಕೊನೆಯದು, ಈ ಮೂರು ಕಡ್ಡಿಗಳು ಹೇಗಿದ್ದವೋ ಹಾಗೇ ನಿಂತಿದ್ದವು. ಮಾವ ಯಾರಿಗೂ ಹೇಳದೆ ಬೆಳಿಗ್ಗೆಯೇ ಎದ್ದು, ಬ್ರೆಡ್ಡಿನ ಮೂರು ಪೆಟ್ಟಿಗೆಗೆ ಹುಲ್ಲು ಹಾಸಿ, ಮೊಲಗಳನ್ನು ತುಂಬಿ ಅಂಗಳಕ್ಕೆ ತಂದಿಟ್ಟಿದ್ದರು. ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿಕೊಂಡಿದ್ದರು. ಬೂದು ಮರಿ ಪೆಟ್ಟಿಗೆಯಿಂದ ಹೊರಗೆ ಹಾರಿತೆಂದು ನಾನು ಅದನ್ನು ಹಿಡಿದು ಎದೆಗೆ ಅವುಚಿಕೊಂಡು ನಿಂತೆ. ಅದರ ಎದೆ ಬಡಿದುಕೊಳ್ಳುತ್ತಿತ್ತು. ನನ್ನದೂ ಅಷ್ಟೇ.

ಮಾಲೀಕರು ಇಳಿದು ಬಂದು ಸಾಲಿನುದ್ದಕ್ಕೂ ನಡೆದರು. "ಹತ್ತೊಂಬತ್ತು."

"ಮೂರು ಬರಲಿಲ್ಲ ಸಾರ್," ಅಂದರು ಮಾವ. "ಮಾತು ಅಂದ್ರೆ ಮಾತು. ಪೆಟ್ಟಿಗೆಗೆ ತುಂಬಿದೀನಿ."

ಮಾಲೀಕರು ಪೆಟ್ಟಿಗೆಗಳ ಕಡೆ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದುದರ ಕಡೆ. "ಅಷ್ಟು ಅವಸರ ಏನಿತ್ತು?"

"ನಲವತ್ತು ದಿನ ಅಂದ್ರಿ."

"ಅಂದೆ. ನಾನು ಅಂದಿದ್ದು ನನಗೇ ನೆನಪಿಲ್ವಾ?"

ಇಬ್ಬರು ಮುದುಕರೂ ಪಾತಿಯ ಆಚೆ ಈಚೆ ನಿಂತೇ ಇದ್ದರು. ಇವರು ಬೇಡುವವರಲ್ಲ, ಅವರು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ನಾನು ನಾಲ್ಕು ದಿನದಿಂದ ಒಂದು ಭಾಷಣ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಮೊಲ ಹೋದರೆ ನಾವೂ ಹೋಗುತ್ತೇವೆ, ಬೆಳಿಗ್ಗೆ ನಿಮಗೆ ಬಿಸಿ ಬನ್ನು ಯಾರು ಕೊಡುತ್ತಾರೋ ನೋಡೋಣ, ಹೀಗೆ ಶುರುವಾಗುತ್ತಿತ್ತು ಅದು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ತೋಳು ಚಿವುಟಿದರು.

ಮಾಲೀಕರು ಪಂಚೆ ಎತ್ತಿ ಕಟ್ಟಿ, ಏಳನೇ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮಂಡಿ ಲಟಕ್ ಎಂದಿತು. ಮುಳ್ಳಿನ ಕಡ್ಡಿಯನ್ನು ಬರಿಗೈಯಲ್ಲೇ ಹಿಡಿದು, ಅಲುಗಾಡಿಸಿ, ಬೇರು ಸಮೇತ ಕಿತ್ತು ಗೋಡೆಯಾಚೆ ಎಸೆದರು. ಎದ್ದು ಎರಡನೇ ಸಾಲಿಗೆ ಹೋಗಿ ನಾಲ್ಕನೆಯದನ್ನು ಕಿತ್ತರು. ಕೊನೆಯದನ್ನೂ ಕಿತ್ತು, ಅದನ್ನು ಕೈಯಲ್ಲೇ ಹಿಡಿದು, ಏದುಸಿರು ಬಿಡುತ್ತಾ ಮಾವನ ಕಡೆ ತಿರುಗಿದರು. ಅಂಗೈಯಲ್ಲಿ ರಕ್ತ.

"ಪಾತಿಯಲ್ಲಿ ಎಷ್ಟು ಗಿಡ ಇದೆ?"

"ಸಾರ್..."

"ಎಣಿಸಯ್ಯಾ."

"ಹತ್ತೊಂಬತ್ತು."

"ಚಿಗುರಿದ್ದು?"

"ಹತ್ತೊಂಬತ್ತು."

"ಮತ್ತೆ? ಒಂದೊಂದೂ ಚಿಗುರಬೇಕು ಅಂದಿದ್ದೆ, ಒಂದೊಂದೂ ಚಿಗುರಿದೆ. ಸುಮ್ನೆ ಆ ಪ್ರಾಣಿಗಳನ್ನ ಯಾಕೆ ಪೆಟ್ಟಿಗೇಲಿ ಉಸಿರು ಕಟ್ಟಿಸ್ತೀಯ?"

ಮಾವನ ಕಣ್ಣು ಮಾಲೀಕರ ಕೈಯಲ್ಲಿದ್ದ ಕಡ್ಡಿಯ ಮೇಲಿತ್ತು. ಹತ್ತಿರ ಬಂದು ಅದರ ಬುಡದ ಮಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದರು. ಮಣ್ಣಿನ ಒಳಗಿದ್ದ ಭಾಗದಲ್ಲಿ ಅಕ್ಕಿಕಾಳಿನಷ್ಟು ಕೆಂಪು ಮೊಳಕೆ.

"ಸಾರ್," ಅಂದರು ಮಾವ, "ಇದು ಬದುಕಿತ್ತು."

ಮಾಲೀಕರು ಮೊಳಕೆ ನೋಡಿದರು. ರಕ್ತ ಸುರಿಯುವ ತಮ್ಮ ಅಂಗೈ ನೋಡಿದರು. "ಮೊದಲೇ ಹೇಳೋದಲ್ವೇನಯ್ಯಾ!" ಎಂದು ಗದರಿದರು.

ಮಾವ ನಕ್ಕರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ನಿಲ್ಲಲಾರದೆ ಪಾತಿಯ ಅಂಚಿನಲ್ಲೇ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮಾಲೀಕರು ಸ್ವಲ್ಪ ಹೊತ್ತು ಮುಖ ಗಂಟು ಹಾಕಿಕೊಂಡೇ ನೋಡಿ, ಕೊನೆಗೆ ತಡೆಯಲಾರದೆ ಅವರ ಪಕ್ಕದಲ್ಲೇ ಕುಸಿದು ತಾವೂ ಶುರು ಮಾಡಿದರು. ನಡುನಡುವೆ ಇಬ್ಬರೂ ಸೇರಿ ಆ ಕಡ್ಡಿಯನ್ನು ಗುಂಡಿಗೆ ಇಳಿಸಿ ಮಣ್ಣು ಒತ್ತುತ್ತಿದ್ದರು, ಮತ್ತೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಭಟ್ಟಿ ಮುಂದೆ ಬಿದ್ದ ದಿನದಿಂದ ನಮ್ಮ ಮನೆಯಲ್ಲಿ ಆ ನಗು ಕೇಳಿರಲಿಲ್ಲ. ಅತ್ತೆ ಗೋಡೆಗೆ ತಿರುಗಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಮೊಲ ಇತ್ತು.